ಸಂದು ಮುಚ್ಚಿದವರ ಚರಿತ್ರೆ

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಕಟ್ಟಡ ಎಂದರೆ ಗೋಡೆ, ಕಂಬ, ಗೋಪುರ. ಯಾರು ಕಟ್ಟಿಸಿದರು, ಯಾವ ಶಕವರ್ಷ, ಯಾವ ಶೈಲಿ ಎಂಬಲ್ಲಿಗೆ ವಿವರಣೆ ಮುಗಿಯುತ್ತದೆ. ಆದರೆ ಕಟ್ಟಡದ ಆಯುಸ್ಸನ್ನು ಮಳೆ ಅಳೆಯುವುದು ಅದರ ಸಂದುಗಳಲ್ಲಿ. ಚಪ್ಪಡಿಗೂ ಚಪ್ಪಡಿಗೂ ನಡುವಿನ ಬಿರುಕು, ಗೋಡೆಯೂ ಮಾಳಿಗೆಯೂ ಕೂಡುವ ಮೂಲೆ, ತಗಡಿನ ಅಂಚು, ಬೋಲ್ಟು ಇಳಿಸಿದ ತೂತು, ನೀರು ಒಳಗೆ ಬರುವುದು ಇಲ್ಲಿಂದ. ಕಲ್ಲನ್ನು ತೂರಿಕೊಂಡು ಬರುವ ಮಳೆಯನ್ನು ಯಾರೂ ಕಂಡಿಲ್ಲ. ಹಾಗಿದ್ದರೂ ಕಲ್ಲು ಇಟ್ಟವರ ಹೆಸರು ಶಾಸನದಲ್ಲಿ ಉಳಿಯಿತು, ಸಂದು ಮುಚ್ಚಿದವರ ಹೆಸರು ಎಲ್ಲೂ ಉಳಿಯಲಿಲ್ಲ.

ನಾನು ಸಂಶೋಧನೆಗೆ ಆರಿಸಿಕೊಂಡ ವಿಷಯ ಬೇರೆ. ಅದಕ್ಕಾಗಿ ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ನಡುವೆ ಓಡಾಡುವಾಗ ನಾನು ಇಳಿದುಕೊಳ್ಳುವುದು ಟಿ.ಬಿ. ಡ್ಯಾಂನಲ್ಲಿರುವ ಸೋದರಮಾವನ ಮನೆಯಲ್ಲಿ. ಈ ನಾಲ್ಕು ಊರುಗಳ ನಡುವೆ ಸುತ್ತಿದಷ್ಟೂ ಒಂದು ಸಂಗತಿ ಕಣ್ಣಿಗೆ ಬೀಳುತ್ತ ಹೋಯಿತು. ಹತ್ತಿಪ್ಪತ್ತು ಮೈಲಿಯ ಈ ಸೀಮೆಯಲ್ಲಿ ಮಣ್ಣಿನ ಮಾಳಿಗೆಯೂ ಇದೆ, ಸುಣ್ಣದ ಗಚ್ಚೂ ಇದೆ, ಸಿಮೆಂಟ್ ಶೀಟೂ ಇದೆ, ಈಚೆಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸುರುಳಿಯಾಗಿ ಸಿಗುವ ಬೆಳ್ಳಿ ಬಣ್ಣದ ಅಂಟುಪಟ್ಟಿಯೂ ಇದೆ. ಅಂಗಡಿಯವರು ಅದನ್ನು 'ಲೀಕೇಜ್ ಟೇಪ್' ಎನ್ನುತ್ತಾರೆ. ಇವೆಲ್ಲವೂ ಒಂದೇ ಪ್ರಶ್ನೆಗೆ ಬೇರೆ ಬೇರೆ ಕಾಲದ ಜನ ಕೊಟ್ಟ ಉತ್ತರಗಳು. ಪ್ರಶ್ನೆ ಇಷ್ಟೇ: ಎರಡು ವಸ್ತುಗಳು ಕೂಡುವ ಕಡೆ ನೀರನ್ನು ತಡೆಯುವುದು ಹೇಗೆ?

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಸೋರುವ ಮಾಳಿಗೆ ಎಂದ ಕೂಡಲೇ ನೆನಪಾಗುವುದು ಶಿಶುನಾಳ ಶರೀಫರ ತತ್ವಪದ. ನಾವು ಅದನ್ನು ದೇಹದ, ಅಜ್ಞಾನದ ರೂಪಕವೆಂದು ಪಾಠದಲ್ಲಿ ಓದುತ್ತೇವೆ. ಆದರೆ 19ನೇ ಶತಮಾನದಲ್ಲಿ ಆ ಪದವನ್ನು ಕೇಳಿದವರಿಗೆ ಅದು ಮೊದಲು ರೂಪಕವಾಗಿರಲಿಲ್ಲ. ತಲೆಯ ಮೇಲೆ ಮಣ್ಣಿನ ಮಾಳಿಗೆ ಇದ್ದವರು ಅವರು. ಯಾವ ಜಂತಿ ಎಲ್ಲಿ ಹುಳ ಹಿಡಿದಿದೆ, ಯಾವ ಮೂಲೆಯಲ್ಲಿ ಹನಿ ಬೀಳುತ್ತದೆ ಎಂಬುದು ಗೊತ್ತಿದ್ದವರಿಗೇ ಆ ರೂಪಕ ನೇರವಾಗಿ ನಾಟುವುದು. ಕಾಂಕ್ರೀಟ್ ಮನೆಯಲ್ಲಿ ಬೆಳೆದ ನಮ್ಮ ತಲೆಮಾರು ಅದನ್ನು ಅರ್ಥ ಮಾಡಿಕೊಳ್ಳಲು ಟಿಪ್ಪಣಿ ಬೇಕಾಗುತ್ತದೆ.

ಈ ಸೀಮೆಯಲ್ಲಿ ಮಾಳಿಗೆ ಎಷ್ಟು ಹಳೆಯದು ಎಂಬುದಕ್ಕೆ ಒಳ್ಳೆಯ ಸಾಕ್ಷಿಯೊಂದಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ದೊಮಿಂಗೊ ಪಾಯೆಸ್, ಕೃಷ್ಣದೇವರಾಯ ಹೊಸದಾಗಿ ಕಟ್ಟಿಸಿದ ಪಟ್ಟಣದ ಮನೆಗಳನ್ನು ಬಣ್ಣಿಸಿದ್ದಾನೆ. ಅವು ಒಂದೇ ಅಂತಸ್ತಿನವು, ಮೇಲೆ ಸಮತಟ್ಟಾದ ಮಾಳಿಗೆ, ಒಳಗೂ ಹೊರಗೂ ಕಂಬಗಳ ಪಡಸಾಲೆ. ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಈ ವರ್ಣನೆ ಇಂಗ್ಲಿಷ್ ಓದುಗರಿಗೆ ಸಿಕ್ಕಿತು. ಆ ಪಟ್ಟಣವೇ ನಾಗಲಾಪುರ, ಇವತ್ತಿನ ಹೊಸಪೇಟೆ. ಅಂದರೆ ಐನೂರು ವರ್ಷಗಳ ಹಿಂದೆಯೇ ಇಲ್ಲಿ ನೀರನ್ನು ಜಾರಿಸುವ ಇಳಿಜಾರು ಮಾಡಿನ ಬದಲು ನೀರನ್ನು ಹೊತ್ತು ನಿಧಾನವಾಗಿ ಹರಿಸುವ ಚಪ್ಪಟೆ ಮಾಳಿಗೆ ರೂಢಿಯಲ್ಲಿತ್ತು. ಮಲೆನಾಡಿನಲ್ಲಿ ಈ ಧೈರ್ಯ ಸಲ್ಲದು. ಇಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಬೇಸಗೆಯ ರಾತ್ರಿ ಮಲಗಲು, ಮೆಣಸಿನಕಾಯಿ ಒಣಹಾಕಲು, ಶಾವಿಗೆ ಹರವಲು ಮಾಳಿಗೆ ಬೇಕು. ಉಳಿದ ಹತ್ತು ತಿಂಗಳ ಸುಖಕ್ಕಾಗಿ ಎರಡು ತಿಂಗಳ ಆತಂಕವನ್ನು ಜನ ಒಪ್ಪಿಕೊಂಡಿದ್ದರು.

ಆ ಆತಂಕಕ್ಕೆ ಮದ್ದಾಗಿದ್ದುದು ಮಣ್ಣು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಸೀಳು ಅಥವಾ ಕಲ್ಲಿನ ಹಾಸು, ಅದರ ಮೇಲೆ ಎಲೆಸೊಪ್ಪು ಹರಡಿ ದಪ್ಪಗೆ ಮಣ್ಣು. ಎಲ್ಲಕ್ಕೂ ಮೇಲಿನ ಪದರಕ್ಕೆ ಮಾತ್ರ ಯಾವುದೋ ಮಣ್ಣು ನಡೆಯುವುದಿಲ್ಲ. ಅದಕ್ಕೆ ಸವುಳು ಮಣ್ಣೇ ಆಗಬೇಕು. ಬೆಳೆಗೆ ಬಾರದ, ಬಿಸಿಲಿಗೆ ಬೆಳ್ಳಗೆ ಉಪ್ಪು ಕಾರುವ ಮಣ್ಣು. ಅದರ ಗುಟ್ಟು ಸೋಡಿಯಂನಲ್ಲಿದೆ. ಸೋಡಿಯಂ ಹೆಚ್ಚಿರುವ ಜೇಡಿಯ ಕಣಗಳು ನೀರು ಬಿದ್ದ ಕೂಡಲೇ ಒಂದರಿಂದೊಂದು ಬಿಡಿಸಿಕೊಂಡು ಉಬ್ಬುತ್ತವೆ, ನಡುವಿನ ಸಣ್ಣ ಕಂಡಿಗಳಲ್ಲಿ ಹೋಗಿ ಕೂರುತ್ತವೆ, ದಾರಿ ಮುಚ್ಚುತ್ತದೆ. ಮೊದಲ ಹನಿಗಳೇ ಮುಂದಿನ ಹನಿಗಳಿಗೆ ಬಾಗಿಲು ಹಾಕಿದಂತೆ. ಹೊಲದಲ್ಲಿ ಇದೇ ಗುಣ ಶಾಪ. ನೀರು ಇಂಗದು, ಬೇರಿಗೆ ಗಾಳಿ ಆಡದು. ಅಣೆಕಟ್ಟಿನ ಕಾಲುವೆ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು ಕಡೆ ಎಷ್ಟೋ ಗದ್ದೆಗಳು ಸವುಳಾದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ಜಮೀನನ್ನು ಸರಿಪಡಿಸುವ ಬಗ್ಗೆ ಪ್ರಯೋಗಗಳು ನಡೆಯುತ್ತ ಬಂದಿವೆ. ಗದ್ದೆಯನ್ನು ಕೆಡಿಸಿದ ಮಣ್ಣು ಮನೆಯನ್ನು ಕಾಯುತ್ತಿತ್ತು.

ಇನ್ನೊಂದು ಎಳೆಯೂ ಇಲ್ಲಿ ಸೇರಿಕೊಳ್ಳುತ್ತದೆ. ಸವುಳು ಮಣ್ಣನ್ನು ನೀರಿನಲ್ಲಿ ಕರಗಿಸಿ, ಬಸಿದು, ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬಾಗಿತ್ತು. ಬಳ್ಳಾರಿ ಸೀಮೆ ಮದ್ರಾಸ್ ಪ್ರಾಂತ್ಯದ ಭಾಗವಾಗಿದ್ದಾಗ, 19ನೇ ಶತಮಾನದ ಕೊನೆಯ ದಶಕಗಳಲ್ಲಿ, ಸರಕಾರ ತನ್ನ ಉಪ್ಪಿನ ಏಕಸ್ವಾಮ್ಯ ಕಾಪಾಡಿಕೊಳ್ಳಲು ಮಣ್ಣುಪ್ಪಿನ ತಯಾರಿಕೆಯನ್ನು ಅಡಗಿಸಿತು. ಆ ಕಸುಬು ಹೋದ ಮೇಲೆ ಉಪ್ಪಾರರಲ್ಲಿ ಅನೇಕರಿಗೆ ಉಳಿದದ್ದು ಮಣ್ಣು ಕೆಲಸ, ಗೌಂಡಿ ಕೆಲಸ. ಯಾವ ಮಣ್ಣು ಉಪ್ಪಿನದು, ಯಾವುದು ನೀರು ಹಿಡಿಯುತ್ತದೆ, ಯಾವುದು ಬಿಡುತ್ತದೆ ಎಂದು ನಾಲಿಗೆಯಲ್ಲೇ ಹೇಳಬಲ್ಲವರು ಮನೆ ಕಟ್ಟುವ ಕೈಗಳಾದರು. ಉಪ್ಪಿನ ಕಾನೂನು ಎಂದರೆ ನಮಗೆ 1930ರ ದಂಡಿಯಾತ್ರೆ ನೆನಪಾಗುತ್ತದೆ. ಅದಕ್ಕೂ ಎಷ್ಟೋ ಮೊದಲು ಆ ಕಾನೂನು ನಮ್ಮ ಸೀಮೆಯ ಒಂದು ಸಮುದಾಯದ ಬದುಕನ್ನೇ ತಿರುಗಿಸಿತ್ತು ಎಂಬುದು ನೆನಪಾಗುವುದಿಲ್ಲ.

ಮಾಳಿಗೆಯಲ್ಲೂ ಕಷ್ಟವಿರುವುದು ನಡುಭಾಗದಲ್ಲಲ್ಲ, ಅಂಚಿನಲ್ಲಿ. ಕುಂಬಿಯ ಬುಡ, ನೀರು ಹೊರಗೆ ಚಿಮ್ಮಲು ಇಟ್ಟ ದೋಣಿಯ ಸುತ್ತ, ಬೆಳಕಿಗೆ ಬಿಟ್ಟ ಗವಾಕ್ಷಿಯ ಅಂಚು, ಈ ಮೂರು ಕಡೆ ಮಣ್ಣು ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಹಾಗಾಗಿ ರೋಹಿಣಿ ಮಳೆ ಹತ್ತುವ ಮುಂಚೆ ಪ್ರತಿ ವರ್ಷ ಮಾಳಿಗೆ ಹತ್ತಲೇಬೇಕು. ಹುಲ್ಲು ಬೇರುಸಮೇತ ಕೀಳಬೇಕು, ಇಲಿ ತೋಡಿದ್ದನ್ನು ತುಂಬಬೇಕು, ಮೂಲೆಗಳಿಗೆ ಸವುಳು ಮಣ್ಣು ಕಲಸಿ ಒತ್ತಿ ಇಳಿಜಾರಾಗಿ ಬಳಿಯಬೇಕು. ಗವಾಕ್ಷಿಯ ಮೇಲೆ ಚಪ್ಪಡಿ ಅಥವಾ ಒಡೆದ ಗಡಿಗೆ ಕವುಚಬೇಕು. ನಮ್ಮಜ್ಜಿಗೆ ಈಗ ಎಂಬತ್ತು ದಾಟಿದೆ. "ಮಾಳಿಗಿ ಅಂದ್ರ ಹಸುಗೂಸು ಇದ್ಹಂಗಪ್ಪ. ನೋಡ್ಕೊಂಡ್ರ ಇರ್ತದ, ಇಲ್ಲಾಂದ್ರ ಇಲ್ಲ" ಎಂದು ಆಕೆ ಒಮ್ಮೆ ಹೇಳಿದಳು. "ಮಣ್ಣು ಯಾರು ಹೊರ್ತಿದ್ರಜ್ಜಿ?" ಎಂದು ಕೇಳಿದೆ. "ಯಾರು ಹೊರ್ತಾರ? ನಾವೇ. ಗಂಡಸ್ರು ಮ್ಯಾಲ ನಿಂತು ಇತ್ಲಾಗ ಹಾಕು ಅತ್ಲಾಗ ಹಾಕು ಅಂತಿದ್ರು" ಎಂದು ನಕ್ಕಳು. ಯಾವ ಗೆಜೆಟಿಯರಿನಲ್ಲೂ ನನಗೆ ಸಿಗದ ಮಾಹಿತಿ ಅದು.

ಇದು ಮನೆಗಳ ಮಾತಾಯಿತು. ಅರಮನೆಗೂ ದೇವಸ್ಥಾನಕ್ಕೂ ಬೇರೆ ಉಪಾಯ ಬೇಕಿತ್ತು. ಹಂಪಿಯ ಮಂಟಪಗಳ ಒಳಗೆ ನಿಂತು ಮೇಲೆ ನೋಡಿದರೆ ಕಾಣುವುದು ಕಣಶಿಲೆಯ ಉದ್ದುದ್ದ ಚಪ್ಪಡಿಗಳು. ಪ್ರವಾಸಿಗಳು ಅದನ್ನೇ ಚಾವಣಿ ಎಂದುಕೊಳ್ಳುತ್ತಾರೆ. ನಿಜವಾದ ಚಾವಣಿ ಅದರ ಮೇಲಿದೆ, ನಮ್ಮ ಕಣ್ಣಿಗೆ ಕಾಣದೆ. ಚಪ್ಪಡಿಗಳ ಸಂದಿಗೆ ಗಾರೆ ತುಂಬಿ, ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಚ್ಚನ್ನು ದಪ್ಪಗೆ ಹಾಸಿ, ನೀರು ಹೊರಗೆ ಹರಿಯುವಂತೆ ಓರೆ ಕೊಟ್ಟು, ಅಂಚಿನಲ್ಲಿ ಇಟ್ಟಿಗೆ–ಗಾರೆಯ ಕೈಪಿಡಿ ಎಬ್ಬಿಸುತ್ತಿದ್ದರು. ಈ ಹೊದಿಕೆ ಇರುವ ತನಕ ಚಪ್ಪಡಿಗಳು ಅಲುಗುವುದಿಲ್ಲ. ಅದು ಬಿರಿದು ಕಿತ್ತುಹೋಯಿತೆಂದರೆ ಸಂದಿಗೆ ನೀರು ಇಳಿಯುತ್ತದೆ, ನೀರಿನ ಹಿಂದೆ ಬೀಜ ಬರುತ್ತದೆ, ಆಲ–ಅರಳಿಯ ಬೇರು ಕಲ್ಲನ್ನು ಎತ್ತುತ್ತದೆ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ದೇವಸ್ಥಾನದ ಎದುರಿನ ಬೀದಿಯ ಸಾಲುಮಂಟಪದ ಒಂದು ಭಾಗ ಕುಸಿದಾಗ ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ನೋಡಿದವರಿಗೆ, ಮಳೆಯ ಮುಂದೆ ಕಲ್ಲಿನ ಕಟ್ಟಡವೂ ಎಷ್ಟು ಬಡವಾಗಬಲ್ಲದು ಎಂಬುದು ಗೊತ್ತಾಗಿರಬೇಕು. ಅದೇ ವಿರೂಪಾಕ್ಷನ ರಂಗಮಂಟಪದ ಒಳಚಾವಣಿಯಲ್ಲಿ ವರ್ಣಚಿತ್ರಗಳಿವೆ. ಅವುಗಳ ಬಗ್ಗೆ ಕಲಾಚರಿತ್ರೆಯವರು ಬರೆದಿದ್ದಾರೆ. ಆ ಚಿತ್ರಗಳು ಉಳಿದಿರುವುದು ಅವುಗಳ ನೆತ್ತಿಯ ಮೇಲಿನ ಗಚ್ಚಿನಿಂದ. ಅದರ ಬಗ್ಗೆ ಬರೆದವರು ಕಡಿಮೆ.

ಹಳೆಯ ಕಾಲದವರು ಮಾತ್ರ ಇದನ್ನು ಮರೆತಿರಲಿಲ್ಲ. ಕರ್ನಾಟಕದ ದಾನಶಾಸನಗಳನ್ನು ಓದುವವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ದೇವರ ಅಂಗಭೋಗ, ರಂಗಭೋಗ, ತಪಸ್ವಿಗಳ ಆಹಾರದಾನದ ಜೊತೆಗೆ ಇದಕ್ಕೂ ಭೂಮಿ ಬಿಡುತ್ತಿದ್ದರು. ಪಾಠ ಮಾಡುವಾಗ ಇದನ್ನು 'ರಿಪೇರಿ ಕೆಲಸ' ಎಂದು ಒಂದೇ ಮಾತಿನಲ್ಲಿ ದಾಟಿಸಿಬಿಡುತ್ತೇವೆ. ಖಂಡ ಎಂದರೆ ಮುರಿದದ್ದು, ಸ್ಫುಟಿತ ಎಂದರೆ ಬಿರಿದದ್ದು. ಕಟ್ಟಡ ಬಿರಿಯುತ್ತದೆ ಎಂಬುದನ್ನು ಕಟ್ಟುವ ದಿನವೇ ಒಪ್ಪಿಕೊಂಡು, ಆ ಬಿರುಕಿಗೆಂದು ಶಾಶ್ವತ ವರಮಾನ ಗೊತ್ತುಮಾಡುವ ವಿವೇಕ ಆ ಎರಡು ಶಬ್ದಗಳಲ್ಲಿದೆ. ಇನ್ನೊಂದು ಶಬ್ದ ಸುಧೆ. ಅಮೃತಕ್ಕೂ ಸುಧೆ ಎನ್ನುತ್ತಾರೆ, ಸುಣ್ಣದ ಗಾರೆಗೂ ಸುಧೆ ಎನ್ನುತ್ತಾರೆ. ಕವಿಗಳು ಮೊದಲ ಅರ್ಥವನ್ನು ಇಟ್ಟುಕೊಂಡರು, ಗಾರೆಯವರಿಗೆ ಎರಡನೆಯದು ಉಳಿಯಿತು. ಕಟ್ಟಡದ ಆಯುಸ್ಸಿನ ಲೆಕ್ಕದಲ್ಲಿ ಎರಡೂ ಒಂದೇ.

ಅಂಟಿನ ಕನಸೂ ಹಳೆಯದೇ. 6ನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೇ ಒಂದು ಅಧ್ಯಾಯ ಕೊಟ್ಟಿದ್ದಾನೆ. ತೂಬರದ ಹೀಚು, ಬೇಲದ ಕಾಯಿ, ಬೂರುಗದ ಹೂವು ಮುಂತಾದವನ್ನು ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಪಾಲಿಗೆ ಇಳಿಸಿ, ಗುಗ್ಗುಳ, ರಾಳ, ಗೇರು ಮುಂತಾದವುಗಳ ಅಂಟು–ಕಲ್ಕ ಬೆರೆಸಿ, ಬಿಸಿಯಿರುವಾಗಲೇ ದೇವಾಲಯಕ್ಕೆ, ಮಹಡಿಗೆ, ಗೋಡೆಗೆ, ಬಾವಿಗೆ ಬಳಿಯಬೇಕು ಎನ್ನುತ್ತಾನೆ. ಇದು ಕೋಟಿ ವರ್ಷ ಬಾಳುತ್ತದೆಂದು ಅವನ ಭರವಸೆ. ಇವತ್ತಿನ ಡಬ್ಬಿಗಳ ಮೇಲೆ ಅಚ್ಚಾಗಿರುವ ಗ್ಯಾರಂಟಿ ಅದಕ್ಕಿಂತ ವಿನಯದ್ದು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲೂ ವಜ್ರಲೇಪ ಬರುತ್ತದೆ. ಅಲ್ಲಿ ಅದು ಎಮ್ಮೆಯ ಚರ್ಮವನ್ನು ಕುದಿಸಿ ತೆಗೆದ ಸರೇಸು, ಭಿತ್ತಿಚಿತ್ರದ ನೆಲೆಗಟ್ಟಿಗೆ ಬೇಕಾದದ್ದು. ಇದಕ್ಕೆಲ್ಲ ಮುಂಚೆ, ಸಿಂಧೂ ಕಣಿವೆಯ ಮೊಹೆಂಜೊದಾರೊದ ದೊಡ್ಡ ಕೊಳದಲ್ಲಿ ನೀರು ಸೋರದಂತೆ ಇಟ್ಟಿಗೆಯ ಹಿಂದೆ ಕಲ್ಲರಗಿನ ಪದರ ಕೊಟ್ಟಿದ್ದರು. ಡಾಂಬರಿನ ಅಣ್ಣತಮ್ಮನೇ ಅದು. ಒಂದು ಗಟ್ಟಿ, ಒಂದು ಅಂಟು. ಹೊರಗಿನ ಗಟ್ಟಿ ಭಾರ ಹೊರಬೇಕು, ಒಳಗಿನ ಅಂಟು ನೀರು ತಡೆಯಬೇಕು. ಈ ತತ್ವ ನಾಲ್ಕು ಸಾವಿರ ವರ್ಷಗಳಿಂದ ಬದಲಾಗಿಲ್ಲ.

ಬ್ರಿಟಿಷರ ಕಾಲದ ಕಚೇರಿ, ಬಂಗಲೆ, ಸಾಹುಕಾರರ ಮನೆಗಳಿಗೆ ಬಂದದ್ದು 'ಮದ್ರಾಸ್ ಟೆರೇಸ್'. ತೇಗದ ಜಂತಿಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ, ಮೇಲೆ ಇಟ್ಟಿಗೆ ಚೂರು–ಸುಣ್ಣದ ಗಚ್ಚು ಹಾಕಿ, ಅದನ್ನು ದಿನಗಟ್ಟಲೆ ಕುಟ್ಟುವುದು. ಸಾಲಾಗಿ ಕೂತ ಹೆಂಗಸರು ಕೈಯಲ್ಲಿ ಮರದ ಕೊಡತಿ ಹಿಡಿದು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಕೊಡತಿ ಪುಟಿದು ಹಿಂದಕ್ಕೆ ಬರುವಷ್ಟು ಗಚ್ಚು ಗಟ್ಟಿಯಾಗುವ ತನಕ ಕುಟ್ಟುತ್ತಿದ್ದರು. ಕಂಪ್ಲಿ–ಹೊಸಪೇಟೆ ಬಯಲಿಗೆ ವಿಜಯನಗರದ ಕಾಲದ ಕಾಲುವೆಗಳ ನೀರಿತ್ತು, ಕಬ್ಬಿತ್ತು, ಆಲೆಮನೆಗಳಿದ್ದವು. ಬೆಲ್ಲಕ್ಕೆ ಬರವಿರಲಿಲ್ಲ. ಸುಣ್ಣ ಸುಡಲು ಸುಣ್ಣಗಾರರಿದ್ದರು. ಸುಣ್ಣಕ್ಕೆ ಒಂದು ಗುಣವಿದೆ, ಸಿಮೆಂಟಿಗೆ ಅದು ಅಷ್ಟಿಲ್ಲ. ಕೂದಲೆಳೆಯ ಬಿರುಕು ಬಿಟ್ಟರೆ ಒಳಗೆ ಉಳಿದ ಸುಣ್ಣ ಮಳೆನೀರಿನಲ್ಲಿ ಕರಗಿ ಬಿರುಕಿನೊಳಗೆ ಹರಿದು, ಗಾಳಿ ತಾಗಿ ಮತ್ತೆ ಕಲ್ಲಾಗುತ್ತದೆ. ಗಾಯವನ್ನು ತಾನೇ ಮಾಯಿಸಿಕೊಳ್ಳುವ ವಸ್ತು. ಹಂಪಿಯಂಥ ಕಡೆ ಹಳೆಯ ಗಚ್ಚಿನ ಮೇಲೆ ಸಿಮೆಂಟ್ ಬಳಿಯಬಾರದೆಂದು ಸಂರಕ್ಷಣೆಯವರು ಹೇಳುವುದಕ್ಕೆ ಇದೂ ಒಂದು ಕಾರಣ. ಸಿಮೆಂಟ್ ಬಿರುಸು, ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ.

ಕುತೂಹಲದ ಸಂಗತಿಯೆಂದರೆ ತುಂಗಭದ್ರಾ ಅಣೆಕಟ್ಟೂ ಈ ಗಾರೆಯ ಪರಂಪರೆಯ ಕೊನೆಯ ದೊಡ್ಡ ಕುಡಿ. ಹೈದರಾಬಾದ್ ಸಂಸ್ಥಾನವೂ ಮದ್ರಾಸ್ ಸರಕಾರವೂ ಕೂಡಿ 1945ರ ಫೆಬ್ರವರಿ 28ರಂದು ಅಡಿಗಲ್ಲು ಹಾಕಿದ, 1953ರಲ್ಲಿ ನೀರು ಬಿಟ್ಟ ಈ ಕಟ್ಟೆ ಕಲ್ಲಿನದು, ಅದರ ಗಾರೆಯಲ್ಲಿ ಸುಟ್ಟ ಮಣ್ಣಿನ ಪುಡಿ, ಅಂದರೆ ಸುರ್ಕಿ ಬೆರೆತಿದೆ. ಮದ್ರಾಸ್ ಕಡೆಯ ಮುಖ್ಯ ಎಂಜಿನಿಯರ್ ತಿರುಮಲೈ ಅಯ್ಯಂಗಾರ್ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಮಾಳಿಗೆ ಕುಟ್ಟುವ ಹೆಂಗಸರ ವಿದ್ಯೆಯೂ ಈ ಮಹಾಕಟ್ಟೆಯ ವಿದ್ಯೆಯೂ ಬಂದದ್ದು ಒಂದೇ ಮನೆತನದಿಂದ.

ಅದೇ ಕಟ್ಟೆ ಮಾಳಿಗೆಯ ಕಾಲವನ್ನು ಮುಗಿಸಿತು ಎಂದರೂ ತಪ್ಪಾಗದು. ಹಿನ್ನೀರಿನಲ್ಲಿ ಹಲವಾರು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದರು. ತೊಲೆ, ಜಂತಿ, ಬಾಗಿಲನ್ನು ಬಿಚ್ಚಿ ಬಂಡಿಯಲ್ಲಿ ಹೇರಿಕೊಂಡು ಬರಬಹುದು. ನಲವತ್ತು ಐವತ್ತು ವರ್ಷ ವರ್ಷವೂ ಬಳಿದು ಬಳಿದು ಗಟ್ಟಿಯಾದ ಮಾಳಿಗೆಯ ಮಣ್ಣನ್ನು ತರಲಾಗದು. ಅದು ನೀರಿನಡಿ ಉಳಿಯಿತು. ಕಟ್ಟೆಯ ಕೆಲಸಕ್ಕೆಂದು ಎದ್ದ ಕ್ಯಾಂಪು, ಗೋದಾಮು, ವರ್ಕ್‌ಶಾಪುಗಳ ಊರಿಗೆ ಬೇಕಾದದ್ದು ಬೇಗ ಏಳುವ ಚಾವಣಿ. ಅಲ್ಲಿಗೆ ತಗಡು ಬಂತು, ಸಿಮೆಂಟ್ ಶೀಟ್ ಬಂತು. ಅಲೆಯಲೆಯಾಗಿ ಮಡಿಸಿದ ಕಬ್ಬಿಣದ ತಗಡಿಗೆ ಹೆನ್ರಿ ರಾಬಿನ್ಸನ್ ಪಾಮರ್ ಲಂಡನ್ನಿನಲ್ಲಿ ಪೇಟೆಂಟ್ ಪಡೆದದ್ದು 1829ರಲ್ಲಿ, ಕಲ್ನಾರು–ಸಿಮೆಂಟಿನ ಶೀಟಿಗೆ ಆಸ್ಟ್ರಿಯಾದ ಲೂಡ್ವಿಗ್ ಹಾಟ್ಶೆಕ್ ಪಡೆದದ್ದು 1901ರಲ್ಲಿ. ಶೀಟು ಬಂದ ಮೇಲೆ ಚಾವಣಿ ಒಂದು ದಿನದ ಕೆಲಸವಾಯಿತು. ಆದರೆ ಸಂದುಗಳು ಹೆಚ್ಚಿದವು. ಮಾಳಿಗೆಗೆ ನಾಲ್ಕು ಅಂಚು, ಒಂದು ಗವಾಕ್ಷಿ. ಹತ್ತು ಶೀಟಿನ ಮಾಡಿಗೆ ಒಂಬತ್ತು ಮೇಲುಹೊದಿಕೆ, ಗೋಡೆ ಕೂಡುವ ಒಂದು ಉದ್ದನೆಯ ಸಾಲು, ಜೆ ಬೋಲ್ಟಿನ ಹತ್ತಾರು ತೂತು. ಬಿಸಿಲಿಗೆ ಬೋಲ್ಟಿನ ಡಾಂಬರು ವಾಷರ್ ಒಣಗಿ ಪುಡಿಯಾದರೆ ಪ್ರತಿ ತೂತೂ ಒಂದು ನಲ್ಲಿ. ಇದಕ್ಕೆ ಜನ ಡಾಂಬರು ಕಾಯಿಸಿ ಗೋಣಿಯ ತುಂಡಿನ ಜೊತೆ ಮೆತ್ತಿದರು, ಸಿಮೆಂಟ್ ತಿಕ್ಕಿದರು, ಸೈಕಲ್ ಟ್ಯೂಬು ಕತ್ತರಿಸಿ ಸೇರಿಸಿದರು. ಒಂದು ಬೇಸಗೆ ಕಳೆದರೆ ಎಲ್ಲವೂ ಮೊದಲಿನಂತೆ.

ಕಾರಣ ಸರಳ. ತಗಡು ಸುಮ್ಮನೆ ಬಿದ್ದಿರುವ ವಸ್ತುವಲ್ಲ. 6 ಮೀಟರ್ ಉದ್ದದ ಕಬ್ಬಿಣದ ತಗಡು ಮುಂಜಾನೆಯ ತಂಪಿನಿಂದ ಮಧ್ಯಾಹ್ನದ ಬಿಸಿಗೆ 40 ಡಿಗ್ರಿ ಕಾದರೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ದಿನವೂ ಉಸಿರಾಡುವ ಇಂಥ ಸಂದಿಗೆ ಸಿಮೆಂಟಿನಂಥ ಬಿರುಸು ವಸ್ತು ತುಂಬಿದರೆ ಅದು ಬಿರಿಯದೆ ಇರಲಾರದು. ಸಂದಿನ ಜೊತೆ ತಾನೂ ಹಿಗ್ಗಿ ಕುಗ್ಗುವ, ಆದರೆ ಬಿಟ್ಟುಕೊಡದ ಅಂಟು ಬೇಕು. ಅಂಥ ಅಂಟು ಬಂದದ್ದು ರಬ್ಬರಿನಿಂದ. 1937ರಲ್ಲಿ ಅಮೆರಿಕದ ತೈಲ ಕಂಪನಿಯೊಂದರ ರಸಾಯನಶಾಸ್ತ್ರಜ್ಞರಾದ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ಬ್ಯುಟೈಲ್ ರಬ್ಬರನ್ನು ಕಂಡುಹಿಡಿದರು. ಗಾಳಿಯನ್ನೂ ನೀರನ್ನೂ ಬಿಡದಿರುವುದೇ ಅದರ ಹೆಚ್ಚುಗಾರಿಕೆ, ಟೈರಿನ ಟ್ಯೂಬಿಗೆ ಅದು ಸೇರಿದ್ದೂ ಅದಕ್ಕೇ. ಇವತ್ತಿನ ಪಟ್ಟಿಯಲ್ಲಿ ಮೂರು ಪದರ: ಮೇಲೆ ಬಿಸಿಲನ್ನು ತಿರುಗಿಸುವ ಅಲ್ಯೂಮಿನಿಯಂ ಹಾಳೆ, ನಡುವೆ ಬ್ಯುಟೈಲಿನ ಅಥವಾ ರಬ್ಬರು ಬೆರೆಸಿದ ಡಾಂಬರಿನ ಅಂಟು, ಕೆಳಗೆ ಕಿತ್ತು ಎಸೆಯುವ ಜಾರುಕಾಗದ. ಬೆಂಕಿ ಬೇಡ, ಕಾಯಿಸುವುದು ಬೇಡ, ಒತ್ತಿದರೆ ಸಾಕು.

ಒತ್ತಿದರೆ ಸಾಕು ಎನ್ನುವುದು ಅಂಗಡಿಯ ಮಾತು. ಕಳೆದ ಬೇಸಗೆ ಮಾವ ಮೇಲಿನ ಕೋಣೆಯ ತಗಡಿಗೆ ಪಟ್ಟಿ ಹಾಕಿಸುವಾಗ ನಾನೂ ಏಣಿ ಹತ್ತಿ ನೋಡುತ್ತ ಕೂತಿದ್ದೆ. ಬಂದ ಮೇಸ್ತ್ರಿ ಮೊದಲ ಒಂದೂವರೆ ತಾಸು ಪಟ್ಟಿಯನ್ನು ಮುಟ್ಟಲೇ ಇಲ್ಲ. ತಂತಿ ಬ್ರಶ್ಶಿನಿಂದ ತುಕ್ಕು ಕೆರೆದರು, ಹಳೆಯ ಡಾಂಬರು ಎಬ್ಬಿಸಿದರು, ಒಣ ಅರಿವೆಯಿಂದ ಒರೆಸಿದರು, ಒದ್ದೆ ಅರಿವೆಯಿಂದ ಒರೆಸಿದರು, ಆರಲು ಬಿಟ್ಟರು. ಅರಿವೆ ಪ್ರತಿ ಸಲವೂ ಕೆಂಪಾಗುತ್ತಿತ್ತು. "ಸಂಡೂರು ಧೂಳು ಸರ. ಇದು ಹೋಗದ ಹೊರ್ತು ಅಂಟು ಹಿಡಿಯಂಗಿಲ್ಲ" ಎಂದರು. ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರು ಲಾರಿಗಳಲ್ಲಿ ಈ ದಾರಿಯಲ್ಲೇ ಹರಿದ ವರ್ಷಗಳಲ್ಲಿ ಗಿಡ, ಗೋಡೆ, ದೇವಸ್ಥಾನ ಎಲ್ಲವೂ ಕೆಂಪಾಗಿದ್ದನ್ನು ನನ್ನ ವಯಸ್ಸಿನವರು ನೋಡಿಯೇ ಬೆಳೆದವರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಮುಂದೆ ಕಟ್ಟುಪಾಡುಗಳೊಂದಿಗೆ ಅದು ಮತ್ತೆ ಶುರುವಾಯಿತು. ಆ ಚರಿತ್ರೆ ವರದಿಗಳಲ್ಲಿ, ತೀರ್ಪುಗಳಲ್ಲಿ ದಾಖಲಾಗಿದೆ. ತಗಡಿನ ಮೇಲುಹೊದಿಕೆಯ ಸಂದಿನಲ್ಲೂ ದಾಖಲಾಗಿದೆ ಎಂಬುದು ನನಗೆ ಅವತ್ತು ಗೊತ್ತಾಯಿತು.

ಪಟ್ಟಿ ಹಾಕುವುದಕ್ಕೂ ಕ್ರಮವಿತ್ತು. ಕೆಲಸ ಶುರುವಾಗುವುದು ಕೆಳಗಿನ ಅಂಚಿನಿಂದ. ಕೆಳಗಿನ ಪಟ್ಟಿಯ ಮೇಲೆ ಮೇಲಿನ ಪಟ್ಟಿ ಎರಡು ಇಂಚು ಏರಬೇಕು. ಹೆಂಚು ಹೊದಿಸುವಾಗಿನ ಲೆಕ್ಕವೇ ಇದು, ಇಳಿಯುವ ನೀರಿಗೆ ಬಾಯಿ ತೆರೆದ ಸಂದು ಸಿಗಬಾರದು. ಜಾರುಕಾಗದವನ್ನು ಒಂದೊಂದು ಅಡಿಯಷ್ಟೇ ಕೀಳುತ್ತ, ನಡುವಿನಿಂದ ಅಂಚಿಗೆ ಬೆರಳಿನಿಂದ ತೀಡಿ, ಗಾಳಿಗುಳ್ಳೆ ಉಳಿಯದಂತೆ ಸಣ್ಣ ರೋಲರ್ ಉರುಳಿಸಬೇಕು. ಗೋಡೆ ಕೂಡುವ ಕಡೆ ಪಟ್ಟಿಯ ಅರ್ಧ ಗೋಡೆಗೆ, ಅರ್ಧ ತಗಡಿಗೆ. ಸಿಮೆಂಟಿನ ಗೋಡೆ ಪುಡಿಪುಡಿಯಾದ್ದರಿಂದ ಅದಕ್ಕೆ ಮೊದಲು ಪ್ರೈಮರ್ ಬಳಿದರು. ಮೂಲೆಗಳನ್ನು ದುಂಡಗೆ ಕತ್ತರಿಸಿದರು, ಚೂಪು ಮೂಲೆ ಬೇಗ ಏಳುತ್ತದಂತೆ. ಬೋಲ್ಟಿನ ತಲೆಗಳಿಗೆ ಚೌಕದ ತುಂಡುಗಳು. ಹನ್ನೊಂದು ಗಂಟೆಗೆ ಕೆಲಸ ನಿಲ್ಲಿಸಿ, ಉಳಿದದ್ದನ್ನು ಮರುದಿನಕ್ಕೆ ಇಟ್ಟರು. ಕಾದ ತಗಡು ಪೂರ್ತಿ ಹಿಗ್ಗಿರುವಾಗ ಹಾಕಿದರೆ ರಾತ್ರಿ ಅದು ಕುಗ್ಗಿದಾಗ ಪಟ್ಟಿ ಸುಕ್ಕುಗಟ್ಟುತ್ತದೆ, ಇಬ್ಬನಿ ಆರುವ ಮುಂಚೆ ಹಾಕಿದರೆ ಹಿಡಿಯುವುದೇ ಇಲ್ಲ. ಈ ಯಾವುದೂ ಡಬ್ಬಿಯ ಮೇಲೆ ಬರೆದಿರಲಿಲ್ಲ. ಆ ಮೇಸ್ತ್ರಿಯ ತಂದೆ ಗಚ್ಚಿನ ಕೆಲಸ ಮಾಡುತ್ತಿದ್ದವರು. ಕೊಡತಿ ಹೋಗಿ ರೋಲರ್ ಬಂದಿದೆ. ಅಂಚಿನಿಂದ ಶುರುಮಾಡು, ಅವಸರ ಮಾಡಬೇಡ, ಹೊತ್ತು ನೋಡು ಎಂಬ ಪಾಠ ಮಾತ್ರ ತಂದೆಯಿಂದ ಮಗನಿಗೆ ಬಂದಿದೆ.

ಟಿ.ಬಿ. ಡ್ಯಾಂನಲ್ಲಿ ಸಂದಿನ ಮಾತು ತೆಗೆದರೆ ಮಾತು ಕಡೆಗೆ ಗೇಟಿಗೇ ಹೋಗುತ್ತದೆ. ಕಟ್ಟೆಯ ಮೇಲೆ 33 ಗೇಟುಗಳಿವೆ, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಇಂಥ ಗೇಟುಗಳ ಅಂಚಿಗೆ ಕೂರಿಸುವ ರಬ್ಬರಿನ ಪಟ್ಟಿಯ ಒಂದು ಬಗೆಗೆ, ಅಡ್ಡ ಕೊಯ್ದು ನೋಡಿದರೆ ಸಂಗೀತದ ಸ್ವರಚಿಹ್ನೆಯಂತೆ ಕಾಣುವುದರಿಂದ, 'ಮ್ಯೂಸಿಕ್ ನೋಟ್ ಸೀಲ್' ಎಂದೇ ಹೆಸರು. ಹಿಂದಿನಿಂದ ತಳ್ಳುವ ನೀರೇ ಅದರ ದುಂಡುತಲೆಯನ್ನು ಸಂದಿಗೆ ಒತ್ತಿ ಹಿಡಿಯುತ್ತದೆ. ಸವುಳು ಮಣ್ಣಿನ ಹಾಗೆ ಇಲ್ಲೂ ನೀರನ್ನು ನೀರಿನಿಂದಲೇ ತಡೆಯುವ ಜಾಣತನ. ಇಲ್ಲಿಯೇ ಇದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರಕಾರಿ ಕಾರ್ಖಾನೆ 1960ರಲ್ಲಿ ಕಂಪನಿಯಾಗಿ, ಅಣೆಕಟ್ಟುಗಳಿಗೆ ಗೇಟು ಮಾಡಿಕೊಟ್ಟಿತು. 2015ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಅದನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಒಂಬತ್ತು ವರ್ಷ ತುಂಬುವ ಮೊದಲೇ, 2024ರ ಆಗಸ್ಟ್ 10ರ ರಾತ್ರಿ, 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಆ ಕಂಡಿಯಿಂದ ಹೊರಗೆ ಧುಮುಕುತ್ತಿದ್ದ ದಿನಗಳಲ್ಲಿ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ, ಸುತ್ತಲಿನ ಕಾರ್ಖಾನೆಗಳಲ್ಲಿ ಮಾಡಿಸಿದ ಉಕ್ಕಿನ ತುಂಡುಗಳನ್ನು ಹರಿವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ ವಾರದೊಳಗೆ ಬಾಯಿ ಮುಚ್ಚಿದರು. ನಾಲ್ಕು ಜಿಲ್ಲೆಗಳ ರೈತರು ಆ ವಾರ ಟಿ.ವಿ. ಮುಂದೆ ಕೂತು ನೋಡಿದ್ದು, ಮಾಳಿಗೆಯ ಮೂಲೆಗೆ ಮಣ್ಣು ಒತ್ತುವ ಕೆಲಸದ ದೊಡ್ಡ ರೂಪವನ್ನೇ. ಗೇಟು ಮಾಡುವ ಊರು ಗೇಟು ಮಾಡುವುದನ್ನು ಮರೆತ ಮೇಲೆ ಹೀಗಾಯಿತಲ್ಲ ಎಂದು ಡ್ಯಾಂನ ಹಿರಿಯರು ಇವತ್ತಿಗೂ ಅನ್ನುತ್ತಾರೆ. ಸರಪಳಿ ಕಡಿದದ್ದಕ್ಕೂ ಕಾರ್ಖಾನೆ ಮುಚ್ಚಿದ್ದಕ್ಕೂ ನೇರ ಗಂಟು ಹಾಕುವುದು ಸರಿಯಲ್ಲ. ಆದರೆ ಅವರ ಕೊರಗಿನಲ್ಲಿ ಸುಳ್ಳಿಲ್ಲ.

ಹಳೆಯದೆಲ್ಲ ಒಳ್ಳೆಯದು, ಪಟ್ಟಿಯೊಂದು ಪ್ಲಾಸ್ಟಿಕ್ ಮೋಸ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಎಂಬತ್ತರ ಅಜ್ಜಿಯನ್ನು ಕೇಳಿದರೆ ಆಕೆ ಎರಡು ಮಾತಿಲ್ಲದೆ ಪಟ್ಟಿಯ ಕಡೆಗೆ ನಿಲ್ಲುತ್ತಾಳೆ. ತಲೆಯ ಮೇಲೆ ಮಣ್ಣು ಹೊತ್ತವಳು ಆಕೆ. ನನ್ನ ಪ್ರಶ್ನೆ ಬೇರೆ. ಮಾಳಿಗೆ ಪ್ರತಿ ವರ್ಷ ಮನೆಯವರನ್ನು ಮೇಲಕ್ಕೆ ಕರೆಯುತ್ತಿತ್ತು. ಗಚ್ಚು ಹತ್ತು ವರ್ಷಕ್ಕೊಮ್ಮೆ, ಪಟ್ಟಿ ಸೋರಿದಾಗ ಮಾತ್ರ. ಕರೆ ಕಡಿಮೆಯಾದಷ್ಟೂ ನೋಡುವ ಕಣ್ಣೂ ಕಡಿಮೆಯಾಗುತ್ತದೆ. ಖಂಡಸ್ಫುಟಿತಕ್ಕೆ ಭೂಮಿ ಬಿಟ್ಟವರಿಗೆ ಕಟ್ಟಡ ಎಂದರೆ ಮುಗಿದ ಕೆಲಸವಲ್ಲ, ನಡೆಯುತ್ತಲೇ ಇರುವ ಕೆಲಸ. ನಮಗೆ ಉದ್ಘಾಟನೆಯ ದಿನಕ್ಕೆ ಅದು ಮುಗಿದುಹೋಗುತ್ತದೆ. ಹಂಪಿಯ ಸಾಲುಮಂಟಪವಾಗಲಿ, ಎಪ್ಪತ್ತು ವರ್ಷದ ಗೇಟಿನ ಸರಪಳಿಯಾಗಲಿ ಈ ವ್ಯತ್ಯಾಸವನ್ನೇ ಹೇಳುತ್ತಿವೆ.

ಕಮಲಾಪುರದಲ್ಲಿ ಒಂದು ಹಳೆಯ ಮನೆಯ ಮಾಳಿಗೆ ನೋಡಿದೆ. ಒಡೆದ ಅಂಚಿನಲ್ಲಿ ಪದರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಕೆಳಗೆ ಜಂತಿ, ಅದರ ಮೇಲೆ ಗೇಣುದ್ದದ ಮಣ್ಣು, ಮಣ್ಣಿನೊಳಗೇ ವರ್ಷ ವರ್ಷದ ಬಳಿತಗಳ ತೆಳು ಗೆರೆಗಳು, ಮೇಲೆ ಎರಡು ಇಂಚು ಸಿಮೆಂಟ್, ಸಿಮೆಂಟಿನ ಬಿರುಕಿನ ಮೇಲೆ ಬೆಳ್ಳಿಯ ಪಟ್ಟಿ. ಉತ್ಖನನದ ಗುಂಡಿಯಲ್ಲಿ ಪುರಾತತ್ವದವರು ಪದರ ಎಣಿಸುವಂತೆ ನಾನು ಆ ಗೆರೆಗಳನ್ನು ಎಣಿಸಲು ನೋಡಿದೆ. ಮೂವತ್ತರವರೆಗೆ ಬಂದು ಮುಂದೆ ಒಂದಕ್ಕೊಂದು ಬೆರೆತುಹೋದವು. ಒಂದೊಂದು ಗೆರೆಯೂ ಒಂದು ವರ್ಷ, ಯಾರೋ ಒಬ್ಬಾಕೆ ಬುಟ್ಟಿ ಹೊತ್ತು ಏಣಿ ಹತ್ತಿದ ವರ್ಷ. ಚರಿತ್ರೆ ಓದುವ ಗೆಳೆಯರಿಗೆ ನನ್ನದೊಂದು ಕೋರಿಕೆ. ಮುಂದಿನ ಸಲ ಊರಿಗೆ ಹೋದಾಗ ಮನೆಯ ಮೇಲಕ್ಕೊಮ್ಮೆ ಹತ್ತಿ ನೋಡಿ, ಅಂಚಿನಲ್ಲಿ ಏನಿದೆ, ಅದನ್ನು ಯಾರು ಹಾಕಿದರು ಎಂದು ಮನೆಯ ಹಿರಿಯರನ್ನು ಕೇಳಿ, ಬರೆದಿಟ್ಟುಕೊಳ್ಳಿ. ಯಾವ ಮಣ್ಣನ್ನು ಎಲ್ಲಿಂದ ತರುತ್ತಿದ್ದರು ಎಂದು ಹೇಳಬಲ್ಲವರು ಈಗ ಬಹಳ ಜನ ಉಳಿದಿಲ್ಲ.